ಕೃಷ್ಣೆಯಾಚೆ ಜಾಮೀನು ನಿಂತದ್ದು

ಸೇತುವೆ

ನಮ್ಮೂರಿನಲ್ಲಿ ಪರದೇಶಕ್ಕೆ ಹೋಗಿಬಂದವರು ಇಬ್ಬರೇ. ಒಬ್ಬರು ಹಜ್ ಯಾತ್ರೆ ಮಾಡಿ ಬಂದ ಹುಸೇನ್ ತಾತ. ಇನ್ನೊಬ್ಬಳು ರಾಯಚೂರಿನಲ್ಲಿ ಗಾಡಿ ಹತ್ತಿ, ಕೃಷ್ಣೆಯ ಸೇತುವೆ ದಾಟಿ, ಹೈದರಾಬಾದಿಗೆ ಹೋಗಿಬಂದ ನಾನು. ತಾತ ತಂದದ್ದು ಖರ್ಜೂರ, ನಾನು ತಂದದ್ದು ಹೆದರಿಕೆ. ಖರ್ಜೂರವನ್ನು ಊರೆಲ್ಲ ಹಂಚಿ ತಿಂದು ಮುಗಿಸಿತು. ಹೆದರಿಕೆಯನ್ನು ಹಂಚಿಕೊಳ್ಳಲು ಯಾರೂ ಬರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಗುವವರು ನಗಲಿ. ಹೈದರಾಬಾದಿಗೆ ದುಡಿಯಲು ಹೋಗುವವರು ನಮ್ಮಲ್ಲಿ ಓಣಿ ಓಣಿಯಲ್ಲೂ ಇದ್ದಾರೆ. ಅವರಿಗೆ ಅದು ಪಕ್ಕದೂರು. ನಮ್ಮ ಅಜ್ಜಿಯ ಕಾಲಕ್ಕಂತೂ ಅದು ನಮ್ಮ ರಾಜಧಾನಿಯೇ ಆಗಿತ್ತು. ಆಮೇಲೆ ಭಾಷೆ ನೋಡಿ ರಾಜ್ಯ ಹಂಚಿದರು. ರಾಯಚೂರು ಈಚೆ ಬಂತು, ಹೈದರಾಬಾದು ಆಚೆ ಉಳಿಯಿತು, ಕೃಷ್ಣೆ ಮಾತ್ರ ಯಾರನ್ನೂ ಕೇಳದೆ ಮೊದಲಿನಂತೆಯೇ ಹರಿಯುತ್ತಿದ್ದಾಳೆ. ಆದರೆ ನಾನು ಹೊರಟದ್ದು ದುಡಿಯಲಿಕ್ಕಲ್ಲ, ಚಾರ್ಮಿನಾರ್ ನೋಡಲಿಕ್ಕೂ ಅಲ್ಲ. ಕೋರ್ಟಿನಲ್ಲಿ ಒಬ್ಬನಿಗೆ ಜಾಮೀನು ನಿಲ್ಲಲಿಕ್ಕೆ. ಕೋರ್ಟು ಯಾವ ಊರಿನಲ್ಲಿದ್ದರೂ ನನಗೆ ಪರದೇಶವೇ.

ಆದದ್ದು ಇಷ್ಟು. ನಮ್ಮೂರಿನ ದೇವಿಂದ್ರ ಗೌಂಡಿ ಕೆಲಸದವನು. ಹೆಂಡತಿ ಬಸಮ್ಮನ ಜೊತೆ ಹೈದರಾಬಾದಿನ ನಾಚಾರಂ ಎಂಬಲ್ಲಿ ಒಂದು ಕಾರ್ಖಾನೆಯ ಗೋಡೆ ಕಟ್ಟುತ್ತಿದ್ದ. ಅಲ್ಲಿ ತಾಮ್ರದ ತಂತಿ ಕಳುವಾಯಿತು. ಪೊಲೀಸರು ಮೂವರು ಕೂಲಿಗಳನ್ನು ಹಿಡಿದರು. ಕೋರ್ಟು ಮೂವರಿಗೂ ಜಾಮೀನು ಕೊಟ್ಟಿತು. ಅಲ್ಲಿಯವರೇ ಆದ ಇಬ್ಬರು ಬೇಗನೆ ಹೊರಬಂದರು, ಏಕೆಂದರೆ ಅವರ ಪರವಾಗಿ ಬಂದು ರುಜು ಹಾಕುವ ಬಂಧುಗಳು ಅಲ್ಲೇ ಇದ್ದರು. ದೇವಿಂದ್ರನಿಗೆ ಆ ಮಹಾನಗರದಲ್ಲಿ ಯಾರೂ ಇರಲಿಲ್ಲ. ಬಿಡಬಹುದು ಎಂದು ಕೋರ್ಟು ಹೇಳಿದ ಮೇಲೂ ಅವನು ಜೈಲಿನಲ್ಲೇ ಕೂತಿದ್ದ.

ಬಸಮ್ಮ ಊರಿಗೆ ಓಡಿಬಂದು ಮೊದಲು ನಮ್ಮ ಶಾಸಕರ ಮನೆಗೆ ಹೋದಳು. ಅವರ ಆಪ್ತ ಸಹಾಯಕ ಹೈದರಾಬಾದಿನ ಠಾಣೆಗೆ ಫೋನು ಮಾಡಿ, ಎಮ್ಮೆಲ್ಲೆ ಸಾಹೇಬರ ಮನೆಯಿಂದ ಮಾತಾಡುತ್ತಿದ್ದೇನೆ ಎಂದ. ಆ ಕಡೆಯವರು, "ಯಾವ ರಾಜ್ಯದ ಎಮ್ಮೆಲ್ಲೆ?" ಎಂದು ಕೇಳಿ ಫೋನಿಟ್ಟರಂತೆ. ನಮ್ಮಲ್ಲಿ ಹುಲಿಯಂತೆ ಗುಡುಗುವ ಮಾತು ಹೊಳೆ ದಾಟುವಷ್ಟರಲ್ಲಿ ಬೆಕ್ಕಾಗಿತ್ತು. ಅಲ್ಲಿಂದ ಅವಳು ನೇರ ನನ್ನ ಮನೆಗೆ ಬಂದಳು.

ನಾನು ಗ್ರಾಮ ಪಂಚಾಯತಿಯ ಸದಸ್ಯೆ. ದಿಲ್ಲಿಯಲ್ಲಿ ಒಂದು ಸರಕಾರ, ಬೆಂಗಳೂರಿನಲ್ಲಿ ಒಂದು, ಊರಿನಲ್ಲಿ ಇನ್ನೊಂದು, ಆ ಮೂರನೆಯದು ನೀವೇ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಕೇಳಿ ಎದೆಯುಬ್ಬಿತ್ತು. ಆ ಎದೆ ಬಸಮ್ಮನ ಮಾತು ಕೇಳಿ ಕುಗ್ಗಿತು.

"ವೋಟು ಕೇಳಾಕ ಬಂದಾಗ ಕಷ್ಟಕ್ಕ ಬರ್ತೀನಿ ಅಂದಿದ್ರಿ ಅಕ್ಕಾ. ಈಗ ಕಷ್ಟ ಬಂದೈತ್ರಿ. ನಿಮ್ಮ ಹೆಸರಿಲೆ ಹೊಲ ಐತಲ್ರಿ, ಪಹಣಿ ತಗೊಂಡು ಬರ್ರಿ."

ವೋಟಿನ ಹೊತ್ತಿನಲ್ಲಿ ಆಡಿದ ಮಾತನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಇವಳು ಇಟ್ಟುಕೊಂಡಿದ್ದಳು. ಹೊಲ ನನ್ನ ಅವ್ವ ನನಗೆ ಬಿಟ್ಟುಹೋದದ್ದು. ನನ್ನ ಹೆಸರಿನಲ್ಲಿ ಈ ಭೂಮಿಯ ಮೇಲೆ ಇರುವುದು ಅದೊಂದೇ. ದೇವಿಂದ್ರನನ್ನು ನಾನು ಸರಿಯಾಗಿ ಮಾತಾಡಿಸಿದ್ದು ಕೂಡ ಇಲ್ಲ. ಗಂಡನನ್ನು ಕೇಳಿದೆ. "ಕೋರ್ಟಿನಾಗ ಗೆದ್ದವ ಸೋತ, ಸೋತವ ಸತ್ತ ಅಂತಾರ. ನೀನು ಎರಡೂ ಅಲ್ಲ, ನಡುವ ನಿಂತು ಸಾಯಾಕ ಹೊಂಟಿ," ಎಂದರು. ತಡೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ.

ಗಾಡಿ ಸೇತುವೆಯ ಮೇಲೆ ಬಂದಾಗ ಎಲ್ಲರಂತೆ ನಾನೂ ಕಿಟಕಿಯಿಂದ ಹೊಳೆಗೆ ನಾಣ್ಯ ಎಸೆದು ಕೈ ಮುಗಿದೆ. ಉಳಿದವರು ಮಕ್ಕಳು ಮರಿ ಬೇಡಿಕೊಳ್ಳುತ್ತಿದ್ದರು. ನಾನು, ಹೊಲ ಉಳಿಸವ್ವಾ ಎಂದು ಬೇಡಿಕೊಂಡೆ.

ಕಾಚಿಗೂಡ

ಕಾಚಿಗೂಡದಲ್ಲಿ ಇಳಿದು ನಿಲ್ದಾಣದ ಎದುರಿನ ಒಂದು ಹಳೆಯ ಲಾಡ್ಜಿನಲ್ಲಿ ಕೋಣೆ ಹಿಡಿದೆ. ಬಸಮ್ಮ ನಾಚಾರಂನ ತನ್ನ ಶೆಡ್ಡಿಗೆ ಹೋದಳು. ಲಾಡ್ಜಿನ ಮ್ಯಾನೇಜರು ಬೀದರ ಕಡೆಯ ಮೆಹಬೂಬ್ ಸಾಬ್. ಕನ್ನಡದವಳೆಂದು ತಿಳಿದದ್ದೇ ತಡ, ಚಹಾ ತರಿಸಿ, ಉಪ್ಪುಪ್ಪಾದ ಬಿಸ್ಕತ್ತು ಮುಂದಿಟ್ಟು, ಅದನ್ನು ಚಹಾದಲ್ಲಿ ಅದ್ದಿ ತಿನ್ನುವ ಕ್ರಮ ತೋರಿಸಿದರು. ಎಷ್ಟು ಹೊತ್ತು ಅದ್ದಬೇಕೆಂಬ ಲೆಕ್ಕ ಈ ಊರಿನವರಿಗೆ ಹುಟ್ಟಿನಿಂದಲೇ ಬರುತ್ತದೆ. ನನ್ನದು ಲೋಟದ ತಳ ಸೇರಿತು. ಬಂದ ಕೆಲಸ ಹೇಳಿದೊಡನೆ ಅವರ ಮುಖದ ನಗು ಮಾಯವಾಯಿತು.

"ಜಾಮೀನಾ? ನಕ್ಕೋ ಬಾಯಿ, ಬ್ಯಾಡ್ರಿ. ನಮ್ಮ ಅಣ್ಣ ಪರ್ಸೋಂ ಒಬ್ಬಗ ಜಾಮೀನು ನಿಂತಿದ್ದ. ಆ ಬದ್ಮಾಶ್ ಫರಾರಿ ಆದ. ಪೊಲೀಸ್ರು ಬಂದು ನಮ್ಮ ಅಣ್ಣನ ಬಾಗಿಲಾಗ ಕುಂತ್ರು. ಅಣ್ಣಂದು ಹೊಲನೂ ಹೋತು, ಇಜ್ಜತ್ತೂ ಹೋತು."

ಪರ್ಸೋಂ ಎಂದರೆ ಮೊನ್ನೆ. ಮೊನ್ನೆ ತಾನೇ ಇಂಥದ್ದು ನಡೆದಿದೆ ಎಂದಮೇಲೆ ನನಗೆ ಊಟ ಸೇರಲಿಲ್ಲ, ನಿದ್ದೆಯಂತೂ ಬರಲೇ ಇಲ್ಲ. ಬೆಳಿಗ್ಗೆ, ನಿಮ್ಮ ಅಣ್ಣ ಈಗ ಹೇಗಿದ್ದಾರೆ ಎಂದು ವಿಚಾರಿಸಿದೆ. ಅವರು ತೀರಿಹೋಗಿಯೇ ಬಹಳ ವರ್ಷಗಳಾಗಿದ್ದವು. ಈ ಊರಿನಲ್ಲಿ ಕಳೆದುಹೋದ ದಿನವೆಲ್ಲ ಪರ್ಸೋಂ. ಮೊನ್ನೆಯೂ ಪರ್ಸೋಂ, ನಿಜಾಮರ ಕಾಲವೂ ಪರ್ಸೋಂ. ನಮ್ಮ ಕಡೆ ಜನ ವಾಯಿದೆ ಹೇಳುವಾಗ ಎಲ್ಲವನ್ನೂ ನಾಳೆ ಎನ್ನುತ್ತಾರಲ್ಲ, ಹಾಗೆ. ನನಗೆ ನಗು ಬಂತು, ಆದರೆ ಹೆದರಿಕೆ ಕಡಿಮೆಯಾಗಲಿಲ್ಲ. ಹೊಲ ಎಂದು ಹೋದರೂ ಹೋದಂತೆಯೇ ಅಲ್ಲವೇ?

ನಾಚಾರಂ

ದೇವಿಂದ್ರನ ಗುರುತಿನ ಚೀಟಿ ಬೇಕಿತ್ತು. ಅದಕ್ಕೆ ಬಸಮ್ಮನ ಶೆಡ್ಡಿಗೆ ಹೋದೆ. ನಾಚಾರಂನಲ್ಲಿ ರಸ್ತೆಯ ಎರಡೂ ಬದಿಗೆ ಕಾರ್ಖಾನೆಗಳ ಗೋಡೆ. ಔಷಧಿಯದೋ ಬಣ್ಣದ್ದೋ ತಿಳಿಯದ ಒಂದು ವಾಸನೆ ಗಂಟಲಿಗೆ ಅಂಟಿಕೊಳ್ಳುತ್ತದೆ. ಅಂಥ ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ತಗಡಿನ ಶೆಡ್ಡುಗಳ ಸಾಲು. ಒಳಗಿನಿಂದ ಯಾದಗಿರಿ, ಲಿಂಗಸುಗೂರು, ದೇವದುರ್ಗದ ಕನ್ನಡ ಕೇಳಿಬರುತ್ತಿತ್ತು. ಮನೆಯ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ, ಅಂಗಡಿಯಲ್ಲಿ ತೆಲುಗು. ಅಲ್ಲಿನ ಮಕ್ಕಳು ಇದನ್ನು ಚಪ್ಪಲಿ ಬದಲಿಸಿದಷ್ಟು ಸಲೀಸಾಗಿ ಮಾಡುತ್ತವೆ.

ಬಸಮ್ಮ ಕೊರಳ ದಾರಕ್ಕೆ ಕಟ್ಟಿದ್ದ ಚಾವಿ ತೆಗೆದು ಶೆಡ್ಡಿನ ಬೀಗ ಬಿಚ್ಚಿದಳು. ಒಳಗೆ ಒಲೆ, ಚಾಪೆ, ಗೋಡೆಗೆ ಒರಗಿಸಿಟ್ಟ ಕರಣೆ ಮತ್ತು ತೂಕದ ಗುಂಡು. ಕರಣೆಯನ್ನು ಅವಳು ಉಜ್ಜಿ ಹೊಳಪು ಮಾಡಿಟ್ಟಿದ್ದಳು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆ.

"ಬಸಮ್ಮ, ಖರೇ ಹೇಳು. ಕದ್ದಾನೇನು?"

ಅವಳು ನನ್ನನ್ನೇ ನೋಡಿದಳು. "ನಾ ಕಣ್ಣಿಲೆ ನೋಡಿಲ್ಲಕ್ಕ. ಕದ್ದಿಲ್ಲ ಅಂತ ನನ್ನ ಮುಂದ ಹೇಳ್ಯಾರ. ನಾ ನಂಬೀನಿ."

ದೇವರ ಮೇಲೆ ಆಣೆ ಹಾಕಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವಳು ಇದ್ದದ್ದನ್ನು ಇದ್ದಂತೆ ಹೇಳಿದ್ದಳು, ಅದರ ಮೇಲೆ ಹೊಲ ಇಡಬೇಕಾದವಳು ನಾನು.

ಹೊರಬರುವಾಗ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಕಾಯುತ್ತಿದ್ದ. ಗುತ್ತಿಗೆದಾರನ ಕಡೆಯವನು ಎಂದು ಬಸಮ್ಮ ಪಿಸುಗುಟ್ಟಿದಳು. ಅವನು ಗಾಡಿ ಆರಿಸದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕರ್ನಾಟಕವಾಳ್ಳಾ? ಇಸ್ ಮೇಂ ನಕ್ಕೋ ಪಡೋ ಅಮ್ಮಾ," ಎಂದ. ಇದರಲ್ಲಿ ಬೀಳಬೇಡಿ ಎಂದು. ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಮನೆಯ ಹಿರಿಯ ಮಗ ಬುದ್ಧಿ ಹೇಳುವಂತೆ ಮೆತ್ತಗೆ ಹೇಳಿ ಹೋದ. ಊರಿನಲ್ಲಿ ಯಾರಾದರೂ ಹೀಗಂದಿದ್ದರೆ ಅವನ ಅಪ್ಪನ ಹೆಸರು ಹಿಡಿದು ಕರೆದು ಮಾತಾಡಿಸುತ್ತಿದ್ದೆ. ಇಲ್ಲಿ ಯಾರ ಅಪ್ಪ ಯಾರೋ.

ತಾರ್ನಾಕ

ದೇವಿಂದ್ರನ ವಕೀಲೆ ಶ್ರೀಲತಾ ಇರುವುದು ತಾರ್ನಾಕದಲ್ಲಿ, ಹಳೆಯ ವಿಶ್ವವಿದ್ಯಾಲಯದ ಪಕ್ಕದಲ್ಲಿ. ಬಡವರಿಗೆ ಕೋರ್ಟೇ ಕೊಡುವ ಉಚಿತ ವಕೀಲರ ಪೈಕಿ ಅವಳೊಬ್ಬಳು. ವಯಸ್ಸಿನಲ್ಲಿ ನನ್ನ ಮಗಳಷ್ಟಿರಬಹುದು. ತಾಯಿ ನಮ್ಮ ರಾಯಚೂರಿನ ಗಡಿಗೆ ಅಂಟಿದ ಗದ್ವಾಲದ ಕಡೆಯವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತದೆ. ನಾನು ಕಟ್ಟಿ ತಂದಿದ್ದ ಕಾಗದಗಳನ್ನೆಲ್ಲ ಹರಡಿದೆ. ಪಹಣಿ, ಆಧಾರ್, ಮತ್ತು ಎಲ್ಲಕ್ಕಿಂತ ಮೇಲೆ ಹೆಮ್ಮೆಯಿಂದ, ನಮ್ಮ ಪಂಚಾಯತಿಯ ದುಂಡು ಮೊಹರು ಹಾಕಿದ ಪತ್ರ: ದೇವಿಂದ್ರ ನಮ್ಮೂರಿನ ಸಭ್ಯ ಮನುಷ್ಯ ಎಂದು.

"ಆಂಟಿ, ಮೊಹರು ಚಂದ ಅದ. ಆದ್ರ ಜಡ್ಜಿಗಿ ಬೇಕಾದ್ದು ಪಹಣಿ," ಎಂದು ನಗುತ್ತ ಪತ್ರವನ್ನು ಪಕ್ಕಕ್ಕಿಟ್ಟಳು. ಮೂರನೇ ಸರಕಾರ ಮೇಜಿನ ಮೂಲೆ ಸೇರಿತು.

ಬೇರೆ ರಾಜ್ಯದವರ ಜಾಮೀನು ನಡೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ ಎಂದು ಕೇಳಿದೆ. ಹಾಗೆ ಹೇಳಿ ನನ್ನನ್ನು ವಾಪಸು ಕಳಿಸಿದರೆ ಒಳಗೊಳಗೇ ಖುಷಿಪಡಲು ನಾನು ಸಿದ್ಧಳಿದ್ದೆ.

"ಅದು ರೂಢಿ ಆಂಟಿ, ಕಾನೂನಲ್ಲ. ಬೇರೆ ಜಿಲ್ಲೆಯೋರು, ಬೇರೆ ರಾಜ್ಯದೋರು ಅನ್ನೋ ಒಂದೇ ಕಾರಣಕ್ಕ ಜಾಮೀನುದಾರರನ್ನ ತಳ್ಳಬಾರದು ಅಂತ ಸುಪ್ರೀಂ ಕೋರ್ಟು ಎಂದೋ ಹೇಳೇತಿ. ಮ್ಯಾಲ ಹೇಳಿದ್ದು ಕೆಳಗ ಇಳಿಯಾಕ ಟೈಮ್ ಹಿಡೀತದ, ಅಷ್ಟೇ. ನೋಡ್ರಿ, ಈ ಕಾನೂನು ಮಾಡಿದ್ದು ದಿಲ್ಲಿ ಪಾರ್ಲಿಮೆಂಟು. ಅದು ನಿಮಗೂ ಒಂದೇ, ನಮಗೂ ಒಂದೇ. ಪೊಲೀಸ್ರು ಆಯಾ ರಾಜ್ಯದೋರು. ಕೆಲವು ದೇಶದಾಗ ಕೇಂದ್ರಕ್ಕ ಬೇರೆ ಕೋರ್ಟು, ರಾಜ್ಯಕ್ಕ ಬೇರೆ ಕೋರ್ಟು ಇರ್ತಾವ. ನಮ್ಮಲ್ಲಿ ಒಂದೇ ಸರಪಳಿ. ಕೆಳಗಿನ ಮ್ಯಾಜಿಸ್ಟ್ರೇಟಿನಿಂದ ದಿಲ್ಲಿ ತನಕ."

"ಮತ್ತ ಈ ಪಹಣಿ ಕನ್ನಡದಾಗ ಐತಲ್ಲವಾ? ನಮ್ಮ ಸರಕಾರದ್ದು."

"ಒಂದು ರಾಜ್ಯದ ಸರಕಾರಿ ದಾಖಲೆನ ಇಡೀ ದೇಶ ಪೂರ್ತಿ ನಂಬಬೇಕು ಅಂತ ಸಂವಿಧಾನದಾಗೇ ಬರದಾರ ಆಂಟಿ. ಇನ್ನೂರ ಅರವತ್ತೊಂದನೇ ವಿಧಿ. ನಾಳೆ ಅದನ್ನೇ ಹೇಳ್ತೀನಿ."

ಸಂವಿಧಾನ ಬರೆದವರು ನನ್ನ ಹೊಲದ ಕಾಗದದ ಬಗ್ಗೆ ಇಷ್ಟು ಯೋಚಿಸಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಸಂತೋಷಪಡಬೇಕಾದ ಮಾತು. ಆದರೆ ತಪ್ಪಿಸಿಕೊಳ್ಳಲು ಇದ್ದ ಕೊನೆಯ ಬಾಗಿಲೂ ಮುಚ್ಚಿತ್ತು.

"ಅವ ಓಡಿಹೋದ್ರ?" ಎಂದೆ.

ಶ್ರೀಲತಾ ನಗು ನಿಲ್ಲಿಸಿದಳು. "ಸುಳ್ಳು ಹೇಳಲ್ಲ ಆಂಟಿ. ನಿಮಗ ನೋಟಿಸು ಬರ್ತದ. ಬಾಂಡಿನ ದುಡ್ಡು ಕಟ್ಟು ಅಂತಾರ. ಕಟ್ಟದಿದ್ರ ಹೊಲಕ್ಕ ಬರ್ತಾರ. ಯೋಚನೆ ಮಾಡಿ. ಬ್ಯಾಡ ಅಂದ್ರ ನಾನೇನು ತಪ್ಪು ತಿಳ್ಕೊಳ್ಳಲ್ಲ."

ನನ್ನ ಜೊತೆ ಬಂದಿದ್ದ ಬಸಮ್ಮ ಪಕ್ಕದಲ್ಲಿ ನೆಲ ನೋಡುತ್ತ ಕೂತಿದ್ದಳು. ಅವಳು ಕಾಲಿಗೆ ಬಿದ್ದಿದ್ದರೆ ಎದ್ದು ಹೋಗಬಹುದಿತ್ತೇನೋ. ಸುಮ್ಮನೆ ಕೂತವಳನ್ನು ಬಿಟ್ಟು ಹೋಗುವುದು ಹೇಗೆ?

ಕೋರ್ಟು

ಕೋರ್ಟಿಗೆ ಹೋಗುವ ದಾರಿಯಲ್ಲಿ ಆಟೋದವನು ಬಿಳಿ ಗುಮ್ಮಟದ ಕಟ್ಟಡ ತೋರಿಸಿ, ಅಸೆಂಬ್ಲಿ ಎಂದ. ಕೈ ತಾನಾಗಿ ಮುಗಿಯಿತು. ಒಳಗೆ ಕೂರುವವರೂ ನನ್ನ ಹಾಗೆ ಮನೆ ಮನೆಗೆ ಹೋಗಿ ಕಷ್ಟಕ್ಕೆ ಬರ್ತೀವಿ ಎಂದವರೇ ಅಲ್ಲವೇ. ಅವರಿಗೂ ಒಬ್ಬೊಬ್ಬ ಬಸಮ್ಮ ಗಂಟುಬೀಳಲಿ ಎಂದು ಹಾರೈಸಿದೆ.

ಕೋರ್ಟಿನ ಆವರಣ ನಮ್ಮ ಸಂತೆಯ ಹಾಗೆಯೇ ಇತ್ತು. ಕರಿ ಕೋಟಿನವರು, ಟೈಪು ಮಾಡುವವರು, ಬಾಳೆಹಣ್ಣು ಮಾರುವವರು, ಕೈಕೋಳದವರು. ಗದ್ದಲದಲ್ಲಿ ಧೈರ್ಯ ಬಂದಂತಾಯಿತು. ಆದರೆ ಕೋರ್ಟ್ ಹಾಲಿನ ಬಾಗಿಲಿಗೆ ಬಂದಾಗ ಒಳಗಿನ ನಿಶ್ಶಬ್ದ ನೋಡಿ, ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯದೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಎತ್ತರದ ಕಟ್ಟೆ, ಮೇಲೊಬ್ಬರು ಕೂತಿದ್ದಾರೆ, ಎಲ್ಲರೂ ತಲೆ ಬಾಗಿಸುತ್ತಿದ್ದಾರೆ. ಇಂಥಲ್ಲಿ ಚಪ್ಪಲಿ ಬಿಡದೆ ಹೋಗುವ ಅಭ್ಯಾಸ ನನಗಿಲ್ಲ. ಬಾಗಿಲಿನ ಜವಾನ ನನ್ನ ಪಾದವನ್ನೂ ಮುಖವನ್ನೂ ನೋಡಿದ.

ಮ್ಯಾಜಿಸ್ಟ್ರೇಟರು ಹೆಣ್ಣುಮಗಳು. ನನ್ನ ತಂಗಿಯ ವಯಸ್ಸು. ಆ ಹೊತ್ತಿಗೆ ನನಗೆ ಅವರು ಯಮನ ಹಾಗೆ ಕಂಡರು. ಸರಕಾರಿ ವಕೀಲರು ಎದ್ದು, ಬೇರೆ ರಾಜ್ಯದ ಹೆಂಗಸು, ನಾಳೆ ಆರೋಪಿ ನಾಪತ್ತೆಯಾದರೆ ಇವರನ್ನು ಎಲ್ಲಿ ಹುಡುಕುವುದು ಎಂದರು. ಆರೋಪಿಯನ್ನಲ್ಲ, ನನ್ನನ್ನು ಹುಡುಕುವ ಮಾತು. ಶ್ರೀಲತಾ ಎದ್ದು ಇಂಗ್ಲಿಷಿನಲ್ಲಿ ಮಾತಾಡಿದಳು. ಅದರಲ್ಲಿ ನನಗೆ ತಿಳಿದದ್ದು ಅರವತ್ತೊಂದು ಎಂಬುದಷ್ಟೇ.

ಪಹಣಿಯನ್ನು ಗುಮಾಸ್ತರ ಕೈಗೆ ಕೊಟ್ಟರು. ತೆಲುಗಿನವರು, ವಯಸ್ಸಾದವರು. ಕನ್ನಡ ಲಿಪಿ ತೆಲುಗಿನ ಅಕ್ಕತಂಗಿ ಇದ್ದ ಹಾಗೆ. ಅವರು ಕನ್ನಡಕ ಏರಿಸಿ, "ರಾ... ಯ... ಚೂ... ರು" ಎಂದು ಓದಿ, ಗುರುತಿನವರು ಸಿಕ್ಕಂತೆ ನಕ್ಕರು. ಆಮೇಲೆ ಪಹಣಿಯ ಮೂಲೆಯ ಚುಕ್ಕಿಗಳ ಚೌಕಕ್ಕೆ ಫೋನು ಹಿಡಿದರು. ನಿಜವಾದ ಪಹಣಿಯಾದರೆ ನಮ್ಮ ಸರಕಾರದ ದಾಖಲೆ ಅದರಲ್ಲಿ ತೆರೆದುಕೊಳ್ಳಬೇಕು. ಫೋನಿನಲ್ಲಿ ಒಂದು ಬಿಳಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಇಡೀ ಕೋರ್ಟು ಕಾಯುತ್ತಿತ್ತು. ತೆರೆಯದಿದ್ದರೆ ಖೋಟಾ ಕಾಗದ ತಂದವಳೆಂದು ನನ್ನನ್ನೇ ಒಳಗೆ ಹಾಕುತ್ತಾರೆ ಎಂದುಕೊಂಡೆ. ಕೊನೆಗೆ ನನ್ನ ಹೆಸರು ಮೂಡಿತು. ಕೃಷ್ಣೆಯಾಚೆಯ ಒಂದು ಕೋರ್ಟಿನಲ್ಲಿ, ಅಪರಿಚಿತ ಮನುಷ್ಯನ ಅಂಗೈಯಲ್ಲಿ, ಅವ್ವನ ಹೊಲ ಕಂಡಿತು. ಕಣ್ಣು ತುಂಬಿಬಂತು.

ಮ್ಯಾಜಿಸ್ಟ್ರೇಟರು ಕಾಗದ ಬದಿಗಿಟ್ಟು ನೇರವಾಗಿ ನನ್ನನ್ನೇ ಕೇಳಿದರು. "ಅಮ್ಮಾ, ಆಯನ ಪಾರಿಪೋತೆ?"

ಅವನು ಓಡಿಹೋದರೆ? ನಾನು ಮೂರು ದಿನದಿಂದ ಕೇಳಿಕೊಂಡಿದ್ದ ಪ್ರಶ್ನೆಯೇ. ಶ್ರೀಲತಾ ಹೇಳಿಕೊಟ್ಟ ಉತ್ತರ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಕನ್ನಡದಲ್ಲೇ ಹೇಳಿದೆ.

"ಎಲ್ಲಿಗಿ ಓಡ್ತಾನ್ರಿ ತಾಯಿ? ಎಲ್ಲಿ ಹೋದ್ರೂ ನಿಮ್ಮದೇ ಕೋರ್ಟು ಐತಲ್ರಿ."

ಗುಮಾಸ್ತರು ಅದನ್ನು ತೆಲುಗಿನಲ್ಲಿ ಹೇಳಿದರು. ಹಾಲಿನಲ್ಲಿ ನಗು ಎದ್ದಿತು. ಮ್ಯಾಜಿಸ್ಟ್ರೇಟರೂ ತುಟಿಯಂಚಿನಲ್ಲಿ ನಕ್ಕು ಜಾಮೀನು ಒಪ್ಪಿಕೊಂಡರು. ಷರತ್ತು ಎರಡು. ದೇವಿಂದ್ರ ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಬೇಕು, ಕೋರ್ಟನ್ನು ಕೇಳದೆ ಹೈದರಾಬಾದು ಬಿಡಬಾರದು. ಬಾಂಡಿನ ಮೇಲೆ ನಾನು ಹಾಕಿದ ಸಹಿ ಎಷ್ಟು ಸೊಟ್ಟಗಿತ್ತೆಂದರೆ, ಇದು ನಿಮ್ಮದೇ ಸಹಿಯೇ ಎಂದು ಗುಮಾಸ್ತರು ಎರಡು ಸಲ ಹಾಕಿಸಿದರು.

ಹೊರಬಂದರೆ ಚಪ್ಪಲಿ ಇರಲಿಲ್ಲ. ಕಳ್ಳತನದ ಮೊಕದ್ದಮೆಗೆ ಜಾಮೀನು ನಿಂತವಳ ಚಪ್ಪಲಿ ಕೋರ್ಟಿನ ಬಾಗಿಲಲ್ಲೇ ಕಳುವಾಗಿತ್ತು.

ಜೈಲಿನ ಗೇಟು

ಸಂಜೆ ಅವನನ್ನು ಬಿಟ್ಟರು. ಕಬ್ಬಿಣದ ದೊಡ್ಡ ಗೇಟಿನ ಹೊಟ್ಟೆಯಲ್ಲಿನ ಸಣ್ಣ ಬಾಗಿಲಿನಿಂದ ಬಗ್ಗಿ ಹೊರಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತ. ಗೋಡೆ ಕಟ್ಟುವ ಆಳಿಗೆ ಇಷ್ಟು ಸಣ್ಣ ತೋಳುಗಳಿರುತ್ತವೆಯೇ ಎನಿಸಿತು. ಬಸಮ್ಮ ಅಳಲಿಲ್ಲ. ಅವನ ಅಂಗಿಯ ಕಾಲರು ಸರಿಮಾಡಿದಳು, ಅಷ್ಟೇ. ಅವನು ನನ್ನ ಕಾಲು ನೋಡಿದ.

"ಅಕ್ಕಾ, ಬರಿಗಾಲಿಲೆ ಬಂದೀರಿ. ಚಪ್ಪಲಿ ಎಲ್ರಿ?"

ಒಳ್ಳೆಯವನು ಎಂದುಕೊಂಡೆ. ಮೊದಲ ಬಾರಿಗೆ ಹೊರೆ ಸ್ವಲ್ಪ ಇಳಿದಂತಾಯಿತು. ಅದು ನಾಲ್ಕು ಹೆಜ್ಜೆಯ ಸುಖ.

"ನಾಳೆ ನಿಮ್ಮ ಕೂಡ ಊರಿಗಿ ಬಂದುಬಿಡ್ತೀನ್ರಿ," ಎಂದ ಅವನು ದನಿ ತಗ್ಗಿಸಿ. "ಹೊಳಿ ದಾಟಿದ್ರ ಆತಲ್ರಿ. ಅದು ಬ್ಯಾರೆ ರಾಜ್ಯ. ಇಲ್ಲಿ ಪೊಲೀಸ್ರು ಅಲ್ಲೇನು ಮಾಡ್ತಾರ?"

ಕಾಲ ಕೆಳಗೆ ಹಾವು ಸರಿದಂತೆ ನಾನು ಬೆಚ್ಚಿ ನಿಂತೆ. ನಮ್ಮ ಶಾಸಕರ ಮಾತು ಹೊಳೆ ದಾಟಿ ಈಚೆ ಬರಲಿಲ್ಲವಲ್ಲ, ಹಾಗೆಯೇ ಇಲ್ಲಿನ ಪೊಲೀಸರೂ ಹೊಳೆ ದಾಟಿ ಆಚೆ ಬರಲಾರರು ಎಂಬುದು ಅವನ ಲೆಕ್ಕ. ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೀಗೆಯೇ ಹೇಳುತ್ತಾರೆ. ಬರುವಾಗ ಗಾಡಿಯಲ್ಲಿ ನಾನೂ ಇದನ್ನು ಪರದೇಶ ಎಂದೇ ಅಂದುಕೊಂಡಿದ್ದೆ.

"ದೇವಿಂದ್ರಾ, ನನ್ನ ಪಹಣಿ ಹೊಳಿ ದಾಟಿ ಈ ಕಡಿ ಬಂತಿಲ್ಲೋ? ಹಂಗ ಇಲ್ಲಿ ವಾರಂಟು ಹೊಳಿ ದಾಟಿ ಆ ಕಡಿ ಬರ್ತೈತಿ. ಕಾಗದಕ್ಕ ಗಡಿ ಇಲ್ಲ ಅಂತ ಹೇಳೇ ನಿನ್ನ ಬಿಡಿಸೀವಿ. ಈಗ ನೀ ಗಡಿ ಐತಿ ಅಂತ ಓಡಿದ್ರ, ಮೊದಲ ನನ್ನ ಬಾಗಿಲಿಗಿ ಬರ್ತಾರ."

ಅವನು ಜೈಲಿನ ಗೇಟಿನ ಕಡೆ ತಿರುಗಿ ನೋಡಿದ. ಆಮೇಲೆ, "ಸೋಮವಾರ ಸಹಿ ಹಾಕಾಕ ಹೋದಾಗ ಮತ್ತ ಒಳಗ ಕುಂದ್ರಿಸಿದ್ರ ಏನ್ ಮಾಡ್ಲಿ ಅಕ್ಕಾ?" ಎಂದ.

ಹಾಗಾಗುವುದಿಲ್ಲ ಎಂದು ಹೇಳಲು ನನ್ನ ಬಳಿ ಯಾವ ವಿಧಿಯೂ ಇರಲಿಲ್ಲ. ಶ್ರೀಲತಾಳ ನಂಬರು ಕೊಟ್ಟು, ಏನಾದರೂ ಆದರೆ ಅವಳಿಗೆ ಫೋನು ಮಾಡು ಎಂದೆ. ಅವನು ನಂಬರಿನ ಚೀಟಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ.

ಮತ್ತೆ ಸೇತುವೆ

ಮರುದಿನ ಮಧ್ಯಾಹ್ನ, ಹೊಸ ಚಪ್ಪಲಿ ಕಚ್ಚುತ್ತಿದ್ದ ಕಾಲಿನಲ್ಲಿ ಕಾಚಿಗೂಡದ ಪ್ಲಾಟ್‌ಫಾರ್ಮಿಗೆ ಬಂದೆ. ಮೆಹಬೂಬ್ ಸಾಬರು ದಾರಿಗೆಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟಿದ್ದರು. ಬಸಮ್ಮ ರೊಟ್ಟಿ ಬುತ್ತಿ ಹಿಡಿದು ನಿಂತಿದ್ದಳು. ಒಬ್ಬಳೇ.

"ದೇವಿಂದ್ರ ಎಲ್ಲಿ?"

"ಚಾ ಕುಡಿಯಾಕ ಹೋಗ್ಯಾರ್ರಿ. ಬರ್ತಾರ," ಎಂದಳು, ನನ್ನ ಮುಖ ನೋಡದೆ. ಎಂದೂ ಸುಳ್ಳು ಹೇಳದವಳು ಹೇಳಿದ ಸುಳ್ಳು ಎದ್ದು ಕಾಣುತ್ತಿತ್ತು. ಇನ್ನೊಮ್ಮೆ ಕೇಳುವಷ್ಟರಲ್ಲಿ ಗಾಡಿ ಅಲುಗಿತು, ಜನ ನನ್ನನ್ನು ಒಳಗೆ ನೂಕಿದರು.

ಅವನು ಇದೇ ಗಾಡಿಯಲ್ಲಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನನಗೆ ಕಾಣದಂತೆ ಬೇರೆ ಡಬ್ಬಿ ಹತ್ತಿದ್ದಾನೆ, ಹೆಂಡತಿಯನ್ನು ಮುಂದೆ ಬಿಟ್ಟು. ಬಸಮ್ಮನಿಗೆ ಫೋನು ಮಾಡಿದರೆ ಬಂದ್. ನಾನು ಒಂದೊಂದು ನಿಲ್ದಾಣದಲ್ಲಿ ಇಳಿದು ಮುಂದಿನ ಡಬ್ಬಿ ಹತ್ತುತ್ತ ಹುಡುಕತೊಡಗಿದೆ. ಕಳೆದುಕೊಂಡವರು ಸಿಗಲಿ ಎಂದು ಹುಡುಕುತ್ತಾರೆ. ನಾನು, ಸಿಗದಿರಲಪ್ಪ ಎಂದು ಹುಡುಕುತ್ತಿದ್ದೆ. ಮೆಹಬೂಬ್‌ನಗರ ದಾಟಿದ ಮೇಲೆ ಒಂದು ಡಬ್ಬಿಯಲ್ಲಿ ಒಬ್ಬ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಬೆಂಚಿನ ಮೇಲೆ ಮಲಗಿದ್ದ. ಸಣ್ಣ ತೋಳು, ಸಿಮೆಂಟಿನಿಂದ ಬಿರುಕುಬಿಟ್ಟ ಹಿಮ್ಮಡಿ. ಅವನ ಪಕ್ಕ ಎಷ್ಟು ಹೊತ್ತು ನಿಂತೆನೋ. ಕೊನೆಗೆ ಟವೆಲ್ ಸರಿಸಿದೆ.

ಯಾರೋ ಒಬ್ಬ ಗಡ್ಡದವನು ಸಿಟ್ಟಿನಿಂದ ಎದ್ದು ಕೂತ. "ಯಾರು ಬೇಕಾಗಿತ್ತುರೀ?"

"ಯಾರೂ ಬ್ಯಾಡ್ರಿ," ಎಂದೆ.

ಕೃಷ್ಣಾ ನಿಲ್ದಾಣ ಬಂತು. ಆಚೆ ರಾಜ್ಯದ ಕೊನೆಯ ನಿಲ್ದಾಣ. ಗಾಡಿ ಸೇತುವೆಗೆ ಏರಿತು. ಉಳಿದವರು ನಾಣ್ಯ ಎಸೆದರು. ನನ್ನ ಕೈಯಲ್ಲಿ ಫೋನಿತ್ತು, ಅದನ್ನೇ ನೋಡುತ್ತಿದ್ದೆ. ಹೊಳೆಯ ನಡುವೆ ಅದು ಬಡಿದುಕೊಂಡಿತು. ಬಸಮ್ಮ.

"ಅಕ್ಕಾ, ಫೋನಿನಾಗ ಚಾರ್ಜ್ ಇದ್ದಿದ್ದಿಲ್ರಿ. ಹೊಳಿ ದಾಟಿದ್ರೇನ್ರಿ?"

"ದೇವಿಂದ್ರ ಎಲ್ಲಿ ಅದಾನ? ಖರೇ ಹೇಳು."

"ಶೆಡ್ಡಿನಾಗೇ ಅದಾರ್ರಿ. ಟೇಶನ್ನಿಗಿ ಬರಬೇಕಂತ ಅಂಗಿ ಹಾಕ್ಕೊಂಡಿದ್ರು. ಆಮ್ಯಾಲ ಕುಂತುಬಿಟ್ರು. ಗಾಡಿ ಕಂಡ್ರ ಹತ್ತಿಬಿಡ್ತೀನಿ, ಹೊರಗಿಂದ ಕೀಲಿ ಹಾಕ್ಕೊಂಡು ಹೋಗು, ಗಾಡಿ ಹೋದ ಮ್ಯಾಲ ಬಂದು ತೆಗಿ ಅಂದ್ರು. ನಿಮ್ಮ ಮುಂದ ಹೇಳಬ್ಯಾಡ ಅಂದಿದ್ರು, ನಾಚ್ಕಿ ಅವ್ರಿಗಿ. ಈಗ ತೆಗದೀನ್ರಿ."

ಅವಳ ಕೊರಳ ದಾರದ ಚಾವಿ ಕಣ್ಣಮುಂದೆ ಬಂತು. ಜೈಲಿನಿಂದ ಹೊರಬಂದ ಮರುದಿನ ಆ ಮನುಷ್ಯ ಕೇಳಿಕೊಂಡು ಬೀಗ ಹಾಕಿಸಿಕೊಂಡಿದ್ದ. ನನ್ನ ಹೊಲಕ್ಕಾಗಿ. ನಾನು ಗಾಡಿಯ ಬಾಗಿಲ ಬಳಿ ಕುಸಿದು ಕೂತು ಅತ್ತೆ. ಗಡ್ಡದವನು ತನ್ನ ಟವೆಲನ್ನು ನನ್ನ ಕಡೆ ಚಾಚಿದ.

ಫೋನಿನಲ್ಲಿ ದೇವಿಂದ್ರನ ದನಿ ಬಂತು. "ಅಕ್ಕಾ, ಸೋಮವಾರ ಹೋಗ್ತೀನ್ರಿ ಠಾಣೆಗಿ. ಭಾಳ ಅಂಜಿಕಿ ಆಗ್ತೈತ್ರಿ."

"ನನಗೂ ಆಗ್ತೈತಪ್ಪಾ," ಎಂದೆ. "ಅಂಜಿಕೊಂತನ ಹೋಗು."